ಕಾರಿನೊಳಗೆ ಟಿವಿ, ರೇಡಿಯೋ ಆಂಟೆನಾ: ಮೈಸೂರು–ಮಂಡ್ಯ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಾರಿನ ಸ್ಟೀರಿಯೋ, ಸ್ಪೀಕರ್, ಆಂಟೆನಾ ವೈರಿಂಗ್ ನನ್ನ ಕೆಲಸ. ಕಾರು ತಂದು ನಿಲ್ಲಿಸಿದವರು, ಫೋನ್ ಮಾಡಿದವರು, ಮೆಸೇಜ್ ಕಳಿಸಿದವರು ಕೇಳುವುದು ಹೆಚ್ಚುಕಮ್ಮಿ ಇವನ್ನೇ. ಅವರ ಮಾತಿನಲ್ಲೇ ಪ್ರಶ್ನೆಗಳನ್ನು ಬರೆದುಕೊಂಡು ಉತ್ತರ ಕೊಟ್ಟಿದ್ದೇನೆ. ಮೊದಲು ಕೊಳ್ಳುವವರಿಗೆ ಬೇಕಾದವು, ಆಮೇಲೆ ಸ್ಕ್ರೂಡ್ರೈವರ್ ಹಿಡಿಯುವವರಿಗೆ ಬೇಕಾದವು. ನಿಮ್ಮ ಪ್ರಶ್ನೆ ಒಂದನ್ನೇ ಓದಿದರೂ ಸಾಕು.

## ದುಡ್ಡು ಕೊಡುವ ಮುಂಚೆ

ಅಣ್ಣಾ, ಕಾರಲ್ಲಿ ಟಿವಿ ಆಂಟೆನಾ ಹಾಕ್ಸಿದ್ರೆ ಮೈಸೂರಲ್ಲಿ ಚಾನೆಲ್ ಬರುತ್ತಾ?

ಬರುವುದಿಲ್ಲ ಅಂತ ತಿಳಿದುಕೊಂಡೇ ಮುಂದುವರಿಯಿರಿ. ಆಂಟೆನಾ ಗಾಳಿಯಲ್ಲಿರುವ ಸಿಗ್ನಲ್ ಹಿಡಿಯುತ್ತದೆ, ಇಲ್ಲದ್ದನ್ನು ತರುವುದಿಲ್ಲ. ಮನೆ ಮೇಲೆ ಅಲ್ಯೂಮಿನಿಯಂ ಕಡ್ಡಿ ನಿಲ್ಲಿಸಿ ದೂರದರ್ಶನ ನೋಡುತ್ತಿದ್ದೆವಲ್ಲ, ಆ ಅನಲಾಗ್ ಪ್ರಸಾರವನ್ನು ಪ್ರಸಾರ ಭಾರತಿ ದೇಶದ ಬಹುಪಾಲು ಕಡೆ ನಿಲ್ಲಿಸಿದೆ. 2022ರ ಮಾರ್ಚ್ ಹೊತ್ತಿಗೆ ಆಯಕಟ್ಟಿನ ಸುಮಾರು 50 ಜಾಗ ಬಿಟ್ಟು ಉಳಿದ ಟ್ರಾನ್ಸ್‌ಮಿಟರ್‌ಗಳನ್ನು ಮುಚ್ಚುವ ತೀರ್ಮಾನವಾಗಿತ್ತು. ಅದರ ಬದಲಿಗೆ ಬಂದದ್ದು ಡಿವಿಬಿ-ಟಿ2 ಅನ್ನುವ ಡಿಜಿಟಲ್ ಪ್ರಸಾರ. 2016ರಲ್ಲಿ ಅದನ್ನು 16 ನಗರಗಳಲ್ಲಿ ಶುರು ಮಾಡಿದಾಗ ಕರ್ನಾಟಕದಿಂದ ಆ ಪಟ್ಟಿಯಲ್ಲಿದ್ದದ್ದು ಬೆಂಗಳೂರು ಮಾತ್ರ. ಖಾಸಗಿ ಚಾನೆಲ್‌ಗಳಿಗಂತೂ ನಮ್ಮ ದೇಶದಲ್ಲಿ ಈ ದಾರಿಯೇ ಇಲ್ಲ. ಅವು ಬರುವುದು ಕೇಬಲ್‌ನಲ್ಲಿ, ಡಿಶ್‌ನಲ್ಲಿ, ಇಂಟರ್ನೆಟ್‌ನಲ್ಲಿ.

ಆದರೆ ಕಾರಿಗೆ ಆಂಟೆನಾನೇ ಬೇಡ ಅಂತಲ್ಲ. ನಮ್ಮ ಕಡೆ ಅದರಿಂದ ಉಪಯೋಗ ಇರುವುದು ರೇಡಿಯೋಗೆ. ಟಿವಿ ಆಂಟೆನಾಗೆ ಹಾಕಬೇಕೆಂದಿದ್ದ ದುಡ್ಡನ್ನು ಒಳ್ಳೆಯ ಎಫ್‌ಎಂ ಆಂಟೆನಾಗೆ, ಅದರ ವೈರಿಂಗಿಗೆ ಹಾಕಿ.

ಆನ್‌ಲೈನಲ್ಲಿ ಡಿಜಿಟಲ್ ಕಾರ್ ಟಿವಿ ಆಂಟೆನಾ, ನೂರಾರು ಚಾನೆಲ್ ಫ್ರೀ ಅಂತ ಮಾರ್ತಾರಲ್ಲ, ಅದೇನು ಸುಳ್ಳಾ?

ವಸ್ತು ಸುಳ್ಳಲ್ಲ, ನಮ್ಮ ಊರಿಗೆ ಆಗಿಬರುವುದಲ್ಲ. ಜಪಾನ್, ಅಮೆರಿಕ, ಯೂರೋಪಿನಲ್ಲಿ ಇವತ್ತಿಗೂ ಗಾಳಿಯಲ್ಲಿ ಟಿವಿ ಪ್ರಸಾರವಿದೆ. ಅಲ್ಲಿ ವಿಂಡ್‌ಶೀಲ್ಡಿಗೆ ತೆಳು ಫಿಲ್ಮ್ ಆಂಟೆನಾ ಅಂಟಿಸಿ ಕಾರಲ್ಲೇ ಟಿವಿ ನೋಡುವುದುಂಟು. ಒಂದೊಂದು ದೇಶದ್ದು ಒಂದೊಂದು ಪದ್ಧತಿ, ಅದಕ್ಕೆ ತಕ್ಕ ಟ್ಯೂನರ್, ಅಂದರೆ ಸ್ಟೇಷನ್ ಹಿಡಿಯುವ ಭಾಗ, ಬೇಕು. ಅದೇ ಡಬ್ಬಿ ಮಂಡ್ಯದಲ್ಲಿ ಬಿಚ್ಚಿದರೆ ಪರದೆ ಮೇಲೆ ಕಾಣುವುದು "ನೋ ಸಿಗ್ನಲ್".

ಟಿವಿಗೆ ಆಗದಿದ್ದರೆ ಎಫ್‌ಎಂಗಾದರೂ ಆಗುತ್ತದಲ್ಲ ಅಂತ ಕೆಲವರು ತರುತ್ತಾರೆ. ಡಿಜಿಟಲ್ ಟಿವಿ ಅಲೆ ಚಿಕ್ಕದು, ಅದರ ಆಂಟೆನಾ 15 ಸೆಂಟಿಮೀಟರ್ ಆಸುಪಾಸು ಇದ್ದರೆ ನಡೆಯುತ್ತದೆ. ಎಫ್‌ಎಂಗೆ ಅದು ತೀರಾ ಗಿಡ್ಡ. ಊರೊಳಗೆ ಬಂದಂತೆ ಕಾಣುತ್ತದೆ, ಶ್ರೀರಂಗಪಟ್ಟಣ ದಾಟುವಷ್ಟರಲ್ಲಿ ಸೊರಗುಟ್ಟುತ್ತದೆ.

ಜಪಾನ್‌ದು ಹಳೇ ಸ್ಟೀರಿಯೋ ಕಮ್ಮಿ ರೇಟಿಗೆ ಸಿಕ್ಕಿದೆ, ಟಿವಿನೂ ಇದೆಯಂತೆ. ಹಾಕ್ಸಲಾ?

ಬೇಡ. ಟಿವಿ ಹೇಗೂ ಬರುವುದಿಲ್ಲ. ರೇಡಿಯೋನೂ ಸರಿಯಾಗಿ ಬರುವುದಿಲ್ಲ ಅನ್ನುವುದು ಹಲವರಿಗೆ ತಿಳಿದಿಲ್ಲ. ಜಪಾನಿನ ಎಫ್‌ಎಂ ಇರುವುದು 76ರಿಂದ 95 ಮೆಗಾಹರ್ಟ್ಸ್‌ವರೆಗೆ. ಹಳೇ ಸೆಟ್ಟುಗಳು 90ಕ್ಕೇ ನಿಂತುಬಿಡುತ್ತವೆ. ಆಕಾಶವಾಣಿ ಮೈಸೂರು ಇರುವುದು 100.6ರಲ್ಲಿ. ಡಯಲ್ ಅಲ್ಲಿಗೆ ಹೋಗುವುದೇ ಇಲ್ಲ! ಮಧ್ಯೆ ಬ್ಯಾಂಡ್ ಕನ್ವರ್ಟರ್ ಅಂತ ಒಂದು ಚಿಕ್ಕ ಡಬ್ಬಿ ಹಾಕಿಕೊಡುತ್ತೇವೆ ಅನ್ನುವವರಿದ್ದಾರೆ. ಅದರಲ್ಲಿ ಸ್ಟೇಷನ್ ಬೇರೆ ನಂಬರಿನಲ್ಲಿ ಕಾಣುತ್ತದೆ, ಗೊರಗೊರ ಸದ್ದು ಜಾಸ್ತಿ. ಅಷ್ಟು ತಾಪತ್ರಯಕ್ಕೆ ಆ ರೇಟು ಕಮ್ಮಿಯಲ್ಲ.

ಡಿಡಿ ಫ್ರೀ ಡಿಶ್ ತಟ್ಟೇನ ಕಾರ್ ಮೇಲೆ ಕೂರ್ಸಿದ್ರೆ?

ಕಾರು ಓಡುವಾಗ ಆಗದ ಮಾತು. ನಿಂತಾಗ ಆಗುತ್ತದೆ. ಫ್ರೀ ಡಿಶ್ ಬರುವುದು ಜಿಸ್ಯಾಟ್-15 ಉಪಗ್ರಹದಿಂದ, ಅದು ಇರುವುದು 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಮೈಸೂರಿನಿಂದ ನೋಡಿದರೆ ಆಗ್ನೇಯ ದಿಕ್ಕಿಗೆ, ನೆಲದಿಂದ ಸುಮಾರು 65 ಡಿಗ್ರಿ ಮೇಲಕ್ಕೆ ತಟ್ಟೆ ತಿರುಗಿಸಬೇಕು. ಒಂದೆರಡು ಡಿಗ್ರಿ ಆಚೀಚೆ ಆದರೂ ಚಿತ್ರ ಹೋಗುತ್ತದೆ. ತೋಟದಲ್ಲೋ ಜಾತ್ರೆ ಬಯಲಲ್ಲೋ ಕಾರು ನಿಲ್ಲಿಸಿ, ತಟ್ಟೆಯನ್ನು ನೆಲದ ಮೇಲೆ ಗಟ್ಟಿಯಾಗಿ ಕೂರಿಸಿ ನೋಡುವುದಾದರೆ ಸರಿ. ತೆಂಗಿನ ಗರಿ ಅಡ್ಡ ಬರದ ಜಾಗ ನೋಡಿಕೊಳ್ಳಿ. ತಟ್ಟೆ ಬಿಗಿದುಕೊಂಡು ರಸ್ತೆಗೆ ಮಾತ್ರ ಇಳಿಯಬೇಡಿ, ಗಾಳಿಗೆ ಕಿತ್ತುಬಂದರೆ ಹಿಂದೆ ಬರುತ್ತಿರುವ ಬೈಕಿನವರ ಗತಿಯೇನು?

ಜಂಬೂ ಸವಾರಿ ದಿನ ಟ್ರಾಫಿಕ್‌ನಲ್ಲಿ ಸಿಕ್ಕಾಕೊಂಡಿರ್ತೀವಿ. ಮಕ್ಕಳಿಗೆ ಕಾರಲ್ಲೇ ಲೈವ್ ತೋರಿಸ್ಬೇಕು ಅಂದ್ರೆ?

ಹಿಂದಿನ ಸೀಟಿನಲ್ಲಿ ಫೋನ್ ಅಥವಾ ಟ್ಯಾಬ್ ಸಾಕು. ಪ್ರಸಾರ ಭಾರತಿಯವರ ವೇವ್ಸ್ ಆ್ಯಪ್‌ನಲ್ಲಿ ದೂರದರ್ಶನದ ಚಾನೆಲ್‌ಗಳು ಸಿಗುತ್ತವೆ, ಚಂದನದಲ್ಲಿ ಮೆರವಣಿಗೆಯ ನೇರ ಪ್ರಸಾರ ಇರುತ್ತದೆ. ಆದರೆ ಅವತ್ತು ಅರಮನೆಯಿಂದ ಬನ್ನಿಮಂಟಪದವರೆಗೆ ಜನ ತುಂಬಿ ಎಲ್ಲರ ಕೈಯಲ್ಲೂ ಫೋನ್. ನೆಟ್‌ವರ್ಕ್ ತೆವಳುತ್ತದೆ. ಅಂಥ ಹೊತ್ತಿನಲ್ಲಿ ಕೈಹಿಡಿಯುವುದು ರೇಡಿಯೋ. ಆಕಾಶವಾಣಿಯ ವೀಕ್ಷಕ ವಿವರಣೆ ಎಷ್ಟು ಲಕ್ಷ ಜನ ಕೇಳಿದರೂ ನಿಲ್ಲುವುದಿಲ್ಲ, ಡೇಟಾ ತಿನ್ನುವುದಿಲ್ಲ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರ ಶುರು ಮಾಡಿದ ಊರು ಇದು. ಇಲ್ಲಿ ಓಡಾಡುವ ಕಾರಿನಲ್ಲಿ ರೇಡಿಯೋ ಚೆನ್ನಾಗಿ ಕೇಳಬೇಕು ಅನ್ನುವುದು ನನ್ನ ಆಸೆ.

## ಯಾವ ಆಂಟೆನಾ, ಎಲ್ಲಿ

ಹಂಗಾದ್ರೆ ರೇಡಿಯೋಗೆ ಯಾವ್ದು ವಾಸಿ? ಒಳಗಡೆದೋ ಹೊರಗಡೆದೋ?

ಹೊರಗಡೆದೇ. ಅದರಲ್ಲೂ ತಗಡಿನ ಛಾವಣಿ ಮೇಲೆ ನೆಟ್ಟಗೆ ನಿಂತ ಕಡ್ಡಿ. 100.6 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 3 ಮೀಟರ್. ಅದರ ಕಾಲು ಭಾಗ, ಅಂದರೆ 75 ಸೆಂಟಿಮೀಟರ್ ಕಡ್ಡಿ ಇದ್ದರೆ ಎಫ್‌ಎಂ ಸೊಗಸಾಗಿ ಬರುತ್ತದೆ. ಹಳೇ ಅಂಬಾಸಿಡರ್, ಮಾರುತಿ 800ರ ಉದ್ದ ಕಡ್ಡಿಗೆ ಇದೇ ಕಾರಣ. ಈಗಿನ ಗಿಡ್ಡ ಕಡ್ಡಿಗಳೊಳಗೆ ತಂತಿಯನ್ನು ಸುರುಳಿ ಸುತ್ತಿ ಉದ್ದ ಸರಿದೂಗಿಸಿರುತ್ತಾರೆ.

ಒಳಗಡೆ ಹಾಕುವುದಕ್ಕೂ ನ್ಯಾಯವಾದ ಕಾರಣಗಳಿವೆ. ಕಬ್ಬಿನ ಸೀಸನ್‌ನಲ್ಲಿ ಮಂಡ್ಯ, ಪಾಂಡವಪುರದ ಕಡೆ ಲೋಡ್ ಟ್ರ್ಯಾಕ್ಟರ್ ಪಕ್ಕದಲ್ಲಿ ಹಾದುಹೋಗುವಾಗ ಚಾಚಿಕೊಂಡಿರುವ ಕಬ್ಬಿನ ತುದಿಗೆ ಸಿಕ್ಕಿ ಕಡ್ಡಿ ಮುರಿದುಕೊಂಡು ಬರುವವರಿದ್ದಾರೆ. ತಗ್ಗಿನ ಪಾರ್ಕಿಂಗ್, ಕಾರು ತೊಳೆಯುವ ಬ್ರಷ್, ಆಟ ಆಡುವ ಮಕ್ಕಳು, ಎಲ್ಲವೂ ಕಡ್ಡಿಗೆ ಶತ್ರುಗಳೇ. ಛಾವಣಿಗೆ ತೂತು ಕೊರೆದರೆ ಮಳೆಗಾಲದಲ್ಲಿ ನೀರು ಇಳಿಯುವ ಭಯ ಬೇರೆ. ಕಾರಿಗೆ ಮೊದಲೇ ಹೊರಗಿನ ಆಂಟೆನಾ ಇದ್ದರೆ ಅದನ್ನೇ ಸರಿಮಾಡಿಸಿ. ಇಲ್ಲದಿದ್ದರೆ ಮಾತ್ರ ಆಂಪ್ಲಿಫಯರ್ (ಸಿಗ್ನಲ್ ಹೆಚ್ಚಿಸುವ ಸಾಧನ) ಇರುವ ಎಫ್‌ಎಂ ಫಿಲ್ಮ್ ಆಂಟೆನಾ.

ಶಾರ್ಕ್ ಫಿನ್ ಹಾಕ್ಸಿದೆ, ರೇಡಿಯೋ ಇದ್ದಿದ್ದೂ ಹೋಯ್ತು!

ಛಾವಣಿ ಮೇಲೆ ಮೀನಿನ ರೆಕ್ಕೆಯ ಹಾಗೆ ಕೂರುವ ಶಾರ್ಕ್ ಫಿನ್‌ಗಳಲ್ಲಿ, ಅಂಗಡಿಯಲ್ಲಿ ಸಿಗುವಂಥವು ಬಹಳಷ್ಟು ಬರೀ ಪ್ಲಾಸ್ಟಿಕ್, ಅಂದಕ್ಕೆ ಅಂಟಿಸುವುದು. ಇನ್ನು ಕೆಲವಕ್ಕೆ ಒಳಗೆ ಒಂದು ಸಣ್ಣ ತಂತಿ ಇರುತ್ತದೆ, ಅದನ್ನು ಹಳೇ ಕಡ್ಡಿಯ ಬುಡದ ಸ್ಕ್ರೂಗೆ ಸಿಕ್ಕಿಸುತ್ತಾರೆ. ಗಿಡ್ಡ ತಂತಿ, ಆಂಪ್ಲಿಫಯರ್ ಇಲ್ಲ, ಮತ್ತೆ ರೇಡಿಯೋ ಹೇಗೆ ಬರಬೇಕು? ಕಂಪನಿಯಿಂದಲೇ ಬರುವ ಫಿನ್‌ನಲ್ಲಿ ಆಂಪ್ಲಿಫಯರ್ ಇರುತ್ತದೆ, ಅದು ಬೇರೆ ಮಾತು. ಹಳೇ ಕಡ್ಡಿ ಎಸೆದಿಲ್ಲ ಅಂದರೆ ತಿರುಗಿ ಹಾಕಿಸಿ.

ಸನ್ ಫಿಲ್ಮ್‌ಗೂ ರೇಡಿಯೋಗೂ ಸಂಬಂಧ ಇದೆಯಾ?

ಒಳಗಿನ ಆಂಟೆನಾ ಆದರೆ ಖಂಡಿತ ಇದೆ. ಕಾರು ಅಂದರೆ ತಗಡಿನ ಡಬ್ಬ, ಅಲೆ ಒಳಗೆ ಬರುವುದು ಗಾಜಿನಿಂದ. ಗಾಜಿಗೆ ಲೋಹದ ಲೇಪ ಇರುವ ಫಿಲ್ಮ್ ಹಾಕಿದರೆ ಆ ಬಾಗಿಲನ್ನೂ ಮುಚ್ಚಿದ ಹಾಗೆ. ಶಾಖ ತಡೆಯುವ ಕೆಲವು ವಿಂಡ್‌ಶೀಲ್ಡ್‌ಗಳಲ್ಲಿ ಕಾರ್ಖಾನೆಯಲ್ಲೇ ಅಂಥ ಲೇಪ ಇರುತ್ತದೆ. ಅಂಥ ಕಾರಿಗೆ ಒಳಗಿನ ಆಂಟೆನಾ ಹಾಕಿಸಲೇಬೇಡಿ. ಕಾನೂನಿನ ಪ್ರಕಾರ ಮುಂದಿನ, ಹಿಂದಿನ ಗಾಜಿನಲ್ಲಿ ಕನಿಷ್ಠ 70, ಪಕ್ಕದ ಗಾಜಿನಲ್ಲಿ ಕನಿಷ್ಠ 50 ಪರ್ಸೆಂಟ್ ಬೆಳಕು ಹಾಯಬೇಕು ಅನ್ನುವುದೂ ನೆನಪಿರಲಿ.

ಗ್ಲಾಸ್ ಮೇಲೆ ಎಲ್ಲಿ ಅಂಟಿಸ್ಬೇಕು? ಫಾಸ್ಟ್ಯಾಗ್ ಬೇರೆ ಇದೆಯಲ್ಲ.

ಮುಂದಿನ ಗಾಜಿನ ಮೇಲ್ತುದಿ, ಎಡಗಡೆ ಮೂಲೆ. ಡ್ರೈವರ್ ಕಣ್ಣಿಗೆ ಅಡ್ಡ ಬರುವುದಿಲ್ಲ, ಪಿಲ್ಲರ್ (ಗಾಜಿನ ಪಕ್ಕದ ಕಂಬ) ಹತ್ತಿರ ಇರುವುದರಿಂದ ಅರ್ಥ್ ಕೊಡುವುದೂ, ಅಂದರೆ ಬಾಡಿಯ ತಗಡಿಗೆ ಜೋಡಿಸುವುದೂ, ಸುಲಭ. ಆಂಟೆನಾದ ಗೆರೆಗಳು ಛಾವಣಿಯ ತಗಡಿನ ಅಂಚಿಗೆ ತಾಗಿಕೊಂಡಿರಬಾರದು, ನಾಲ್ಕೈದು ಬೆರಳು ಕೆಳಗಿರಲಿ.

ಫಾಸ್ಟ್ಯಾಗ್ ಸಾಮಾನ್ಯವಾಗಿ ನಡುವೆ, ಕನ್ನಡಿಯ ಹಿಂದೆ ಇರುತ್ತದೆ. ಅದರೊಳಗೂ ಒಂದು ಪುಟ್ಟ ಆಂಟೆನಾ ಇದೆ, 865ರಿಂದ 867 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತದೆ. ಅದರ ಮೇಲೋ ತೀರಾ ಪಕ್ಕದಲ್ಲೋ ಲೋಹದ ಗೆರೆ ಬಂದರೆ ಟೋಲ್‌ನ ರೀಡರ್‌ಗೆ ಟ್ಯಾಗ್ ಸಿಗದೆ ಹೋಗಬಹುದು. ಗಣಂಗೂರು ಟೋಲ್‌ನಲ್ಲಿ ಹಿಂದೆ ಸಾಲುಗಟ್ಟಿದವರು ಹಾರ್ನ್ ಹೊಡೆಯುವಾಗ ಗೊತ್ತಾಗುವುದಕ್ಕಿಂತ ಮೊದಲೇ ಒಂದು ಗೇಣು ಜಾಗ ಬಿಟ್ಟು ಅಂಟಿಸುವುದು ಒಳ್ಳೆಯದು.

## ಕೈಯಾರೆ ಹಾಕುವವರಿಗೆ

ಫಿಲ್ಮ್ ಆಂಟೆನಾ ನಾನೇ ಹಾಕೋಬೋದಾ? ಸ್ವಲ್ಪ ಬಿಡಿಸಿ ಹೇಳಿ.

ಹಾಕಿಕೊಳ್ಳಬಹುದು. ಅವಸರ ಮಾಡದಿದ್ದರೆ ಆಯಿತು. ಮೋಡ ಕವಿದ, ಗಾಜು ಬೆವರುವ ದಿನ ಬೇಡ. ಮೊದಲು ಗಾಜಿನ ಒಳಮೈಯನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿ. ಡ್ಯಾಶ್‌ಬೋರ್ಡ್ ಪಾಲಿಶ್‌ನ ಜಿಡ್ಡು ಗಾಜಿಗೂ ಹತ್ತಿರುತ್ತದೆ, ಬಟ್ಟೆಯಲ್ಲಿ ಕಪ್ಪು ಬರುವುದು ನಿಲ್ಲುವವರೆಗೂ ಒರೆಸಬೇಕು. ಅಂಟಿಸುವ ಮುಂಚೆ ಫಿಲ್ಮನ್ನು ಹಾಗೇ ಹಿಡಿದು ನೋಡಿ, ಹೊರಗಿನಿಂದ ಗಾಜಿನ ಮೇಲೆ ಟೇಪ್ ತುಂಡಿನಿಂದ ಗುರುತು ಹಾಕಿಕೊಳ್ಳಿ. ಅಂಟಿದ ಮೇಲೆ ಸರಿಸಲು ಬರುವುದಿಲ್ಲ.

ಹಿಂಬದಿಯ ಹಾಳೆಯನ್ನು ಒಂದು ಕಡೆಯಿಂದ ಸ್ವಲ್ಪ ಸ್ವಲ್ಪವೇ ಬಿಡಿಸುತ್ತಾ, ಬಟ್ಟೆ ಸುತ್ತಿದ ಹೆಬ್ಬೆರಳಿನಿಂದ ಒತ್ತುತ್ತಾ ಹೋಗಿ. ಉಗುರು ತಾಗಿಸಬೇಡಿ. ಆ ಗೆರೆ ಕೂದಲಿನಷ್ಟು ಸಣ್ಣ, ಒಂದು ಕಡೆ ತುಂಡಾದರೂ ಅಷ್ಟೇ, ಮುಗಿಯಿತು. ಆಮೇಲೆ ಮೇಲಿನ ಪಾರದರ್ಶಕ ಹಾಳೆಯನ್ನು ಮೆಲ್ಲಗೆ, ಗಾಜಿಗೆ ಒತ್ತಿಕೊಂಡೇ ಎಳೆಯಿರಿ.

ಈಗ ಆಂಪ್ಲಿಫಯರ್ ಇರುವ ಪುಟ್ಟ ತುಂಡು. ಅದರ ತಳದಲ್ಲಿ ಎರಡು ಲೋಹದ ಬಿಂದುಗಳಿರುತ್ತವೆ. ಅವು ಫಿಲ್ಮಿನ ಎರಡು ಚೌಕಗಳ ಮೇಲೆ ಸರಿಯಾಗಿ ಕೂರಬೇಕು. ಅಲ್ಲೇ ತಾಮ್ರದ ಅಥವಾ ಅಲ್ಯೂಮಿನಿಯಂನ ಒಂದು ಅಂಟುಪಟ್ಟಿ ಇರುತ್ತದೆ. ಅದೇ ಅರ್ಥ್. ಅದನ್ನು ಪಿಲ್ಲರ್‌ನ ಪ್ಲಾಸ್ಟಿಕ್ ಕವರ್ ಬಿಚ್ಚಿ, ಒಳಗಿನ ತಗಡಿಗೆ ಅಂಟಿಸಬೇಕು. ತಗಡಿನ ಬಣ್ಣ ಕೆರೆಯಬೇಕಿಲ್ಲ. ಪಟ್ಟಿ ಸುಕ್ಕಿಲ್ಲದೆ ಚಪ್ಪಟೆಯಾಗಿ ಕೂತರೆ ಬಣ್ಣದ ಮೇಲೂ ಕೆಲಸ ಮಾಡುತ್ತದೆ. ನನ್ನ ಹತ್ತಿರ ಬರುವ "ಸಿಗ್ನಲ್ ಇಲ್ಲ" ಅನ್ನುವ ಫಿಲ್ಮ್ ಆಂಟೆನಾಗಳಲ್ಲಿ ಈ ಪಟ್ಟಿಯನ್ನು ಪ್ಲಾಸ್ಟಿಕ್ ಮೇಲೋ ಬಟ್ಟೆ ಹೊದಿಕೆ ಮೇಲೋ ಸುಮ್ನೆ ಅಂಟಿಸಿರುವುದೇ ಜಾಸ್ತಿ. ಅರ್ಥ್ ಇಲ್ಲದ ಆಂಟೆನಾ ಅರ್ಧ ಆಂಟೆನಾ. ಅಂಟು ಹಿಡಿಯುವವರೆಗೆ, ಒಂದು ದಿನವಾದರೂ, ವೈರ್ ಜಗ್ಗದಂತೆ ನೋಡಿಕೊಳ್ಳಿ.

ಪಿಲ್ಲರ್ ಕವರ್ ಬಿಚ್ಚಕ್ಕೆ ಭಯ. ಅಲ್ಲಿ ಏರ್‌ಬ್ಯಾಗ್ ಇರುತ್ತಂತಲ್ಲ?

ಭಯ ಇರಬೇಕಾದ್ದೇ. ಕವರ್ ಮೇಲೆ "ಏರ್‌ಬ್ಯಾಗ್" ಅಂತ ಅಚ್ಚು ಇದ್ದರೆ ಒಳಗೆ ಕರ್ಟನ್ ಏರ್‌ಬ್ಯಾಗ್ ಮಡಿಸಿಟ್ಟಿದೆ ಅಂತ ಅರ್ಥ. ಅಪಘಾತದಲ್ಲಿ ಅದು ಕಣ್ಣು ಮಿಟುಕಿಸುವುದರೊಳಗೆ ಹೊರಗೆ ಬರಬೇಕು. ನಿಮ್ಮ ವೈರ್ ಅದರ ಮುಂದೆ ಅಡ್ಡ ಬಿದ್ದಿರಬಾರದು. ವೈರನ್ನು ಏರ್‌ಬ್ಯಾಗಿನ ಹಿಂಬದಿಯಿಂದ, ಬಾಡಿಯ ತಗಡಿಗೆ ತಾಗಿಸಿಕೊಂಡು ಇಳಿಸಬೇಕು. ವೈರನ್ನು ಏರ್‌ಬ್ಯಾಗಿಗೇ ಕೇಬಲ್ ಟೈ ಹಾಕಿ ಕಟ್ಟುವುದಂತೂ ಬೇಡವೇ ಬೇಡ. ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಕೆಲವು ನಿಮಿಷ ಬಿಟ್ಟು ಕೆಲಸ ಶುರು ಮಾಡಿ. ಏರ್‌ಬ್ಯಾಗಿನ ಹಳದಿ ಕನೆಕ್ಟರ್ ಮುಟ್ಟಬೇಡಿ. ಏರ್‌ಬ್ಯಾಗ್ ಇರುವ ಪಿಲ್ಲರ್ ಅನುಭವವಿಲ್ಲದವರು ಬಿಚ್ಚುವುದು ಬೇಡ ಅನ್ನುವುದೇ ನನ್ನ ಸಲಹೆ.

ಎಲ್ಲಾ ಹೊಸದು ಹಾಕಿದ್ದೀನಿ, ಆದ್ರೂ ಬರೀ ಸೊರ್ ಅಂತದೆ ಕಣಣ್ಣಾ!

ನೀಲಿ ವೈರ್ ನೋಡಿ. ಆಂಪ್ಲಿಫಯರ್‌ಗೆ 12 ವೋಲ್ಟ್ ಬೇಕು. ಸ್ಟೀರಿಯೋ ಹಿಂದಿನಿಂದ ಬರುವ ನೀಲಿ ವೈರ್, ಆಂಡ್ರಾಯ್ಡ್ ಸೆಟ್ಟಿನಲ್ಲಾದರೆ ಆಂಟೆನಾ ಕಂಟ್ರೋಲ್ ಅಂತ ಚೀಟಿ ಇರುವುದು, ಆ ಕರೆಂಟ್ ಕೊಡುತ್ತದೆ. ಹೆಚ್ಚಿನ ಕಡೆ ಅದನ್ನು ಜೋಡಿಸದೆ ಟೇಪ್ ಸುತ್ತಿ ಬಿಟ್ಟಿರುತ್ತಾರೆ. ಕರೆಂಟ್ ಇಲ್ಲದ ಆಂಪ್ಲಿಫಯರ್ ಸಿಗ್ನಲ್ ಹೆಚ್ಚಿಸುವುದಿರಲಿ, ಬಂದ ಸಿಗ್ನಲ್ಲನ್ನೂ ತಡೆಯುತ್ತದೆ.

ಫೋಕ್ಸ್‌ವ್ಯಾಗನ್, ಸ್ಕೋಡಾ ಕಾರಿನವರಿಗೆ ಇನ್ನೊಂದು ಮಾತು. ಅವುಗಳಲ್ಲಿ ಛಾವಣಿ ಆಂಟೆನಾದ ಬುಡದಲ್ಲೇ ಆಂಪ್ಲಿಫಯರ್ ಇರುತ್ತದೆ, ಕರೆಂಟು ಹೋಗುವುದು ಆಂಟೆನಾ ಕೇಬಲ್ಲಿನೊಳಗೇ. ಕಂಪನಿ ಸ್ಟೀರಿಯೋ ತೆಗೆದು ಬೇರೆ ಹಾಕಿದರೆ ಆ ಕರೆಂಟು ನಿಲ್ಲುತ್ತದೆ. ನಡುವೆ ಫ್ಯಾಂಟಮ್ ಪವರ್ ಅಡಾಪ್ಟರ್ ಹಾಕಿ, ಅದರ ನೀಲಿ ವೈರನ್ನು ಸೆಟ್ಟಿನ ನೀಲಿಗೆ ಸೇರಿಸಬೇಕು. ಚಿಕ್ಕ ಸಾಮಾನು, ದೊಡ್ಡ ವ್ಯತ್ಯಾಸ.

ಹ್ಯಾಂಡ್‌ಬ್ರೇಕ್ ವೈರನ್ನ ಅರ್ಥ್‌ಗೆ ಕೊಟ್ಬುಡಿ ಸಾರ್, ಓಡಿಸ್ತಾನೂ ವಿಡಿಯೋ ಬರ್ಲಿ.

ಕೊಡುವುದಿಲ್ಲ. ಹ್ಯಾಂಡ್‌ಬ್ರೇಕ್ ಎಳೆದಾಗ ಮಾತ್ರ ಮುಂದಿನ ಪರದೆಯಲ್ಲಿ ವಿಡಿಯೋ ಬರಲಿ ಅಂತಲೇ ಆ ವೈರ್ ಇರುವುದು. 2017ರ ಮೋಟಾರು ವಾಹನ ಚಾಲನಾ ನಿಯಮಗಳ ಪ್ರಕಾರವೂ ದಾರಿ ತೋರಿಸುವ ಮ್ಯಾಪ್ ಬಿಟ್ಟು ಬೇರೆ ವಿಡಿಯೋವನ್ನು ಓಡಿಸುವಾಗ ನೋಡುವಂತಿಲ್ಲ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಎರಡು ಸೆಕೆಂಡ್ ಪರದೆ ನೋಡಿದರೆ ಕಾರು 55 ಮೀಟರ್ ಹೋಗಿರುತ್ತದೆ. ಹಿಂದೆ ಕೂತವರಿಗೆ ಬೇಕಾದರೆ ಸೀಟಿನ ಹಿಂಬದಿಗೆ ಪರದೆ ಹಾಕೋಣ, ಅದನ್ನು ಖುಷಿಯಿಂದ ಮಾಡಿಕೊಡುತ್ತೇನೆ.

## ಹಾಕಿದ ಮೇಲೆ ಕಾಡುವ ತೊಂದರೆ

ಡ್ಯಾಶ್‌ಕ್ಯಾಮ್ ಹಾಕ್ಸಿದ್ಮೇಲೆ ರೇಡಿಯೋ ಕೆಟ್ಟೋಯ್ತು. ಯಾಕೆ?

ರೇಡಿಯೋ ಕೆಟ್ಟಿಲ್ಲ. ಡ್ಯಾಶ್‌ಕ್ಯಾಮ್‌ನ ಚಾರ್ಜರ್ 12 ವೋಲ್ಟನ್ನು 5ಕ್ಕೆ ಇಳಿಸುತ್ತದೆ. ಅಗ್ಗದ ಚಾರ್ಜರ್ ಆ ಕೆಲಸ ಮಾಡುವಾಗ ಎಫ್‌ಎಂ ಬ್ಯಾಂಡಿನ ತುಂಬ ಗಲೀಜು ಸಿಗ್ನಲ್ ಚೆಲ್ಲುತ್ತದೆ. ಪರೀಕ್ಷೆ ಸುಲಭ: ದುರ್ಬಲ ಸ್ಟೇಷನ್ ಒಂದನ್ನು ಹಾಕಿಕೊಂಡು ಚಾರ್ಜರ್ ಕೀಳಿ. ತಕ್ಷಣ ತಿಳಿಯಾದರೆ ಕಳ್ಳ ಅದೇ. ಒಳ್ಳೆಯ ಚಾರ್ಜರ್ ಹಾಕಿ, ವೈರಿಗೆ ಗಲೀಜು ಸಿಗ್ನಲ್ ತಡೆಯುವ ಫೆರೈಟ್ ಬಿಲ್ಲೆ ಸಿಕ್ಕಿಸಿ, ಕ್ಯಾಮೆರಾ ವೈರನ್ನು ಆಂಟೆನಾ ಇಲ್ಲದ ಬಲಗಡೆ ಪಿಲ್ಲರ್‌ನಿಂದ ಇಳಿಸಿ.

ಎಕ್ಸಲರೇಟರ್ ಒತ್ತಿದಂಗೆ ಕುಂಯ್ ಅಂತ ಸದ್ದು ಏರುತ್ತೆ.

ಅದು ಆಲ್ಟರ್ನೇಟರ್ ಸದ್ದು, ಸಾಮಾನ್ಯವಾಗಿ ಅರ್ಥಿನ ದೋಷ. ಪೆನ್‌ಡ್ರೈವ್ ಹಾಡಿನಲ್ಲೂ ಕೇಳಿದರೆ ಸ್ಟೀರಿಯೋದ ಅರ್ಥ್ ನೋಡಿ. ರೇಡಿಯೋದಲ್ಲಿ ಮಾತ್ರ ಕೇಳಿದರೆ ಆಂಟೆನಾ ಕೇಬಲ್ಲಿನ ಹೊರಜಾಲರಿ ಎಲ್ಲೋ ಬಿಟ್ಟುಕೊಂಡಿದೆ.

ಟ್ರಾಫಿಕ್ ಸಿಗ್ನಲ್‌ನಲ್ಲಿ ನಿಂತಾಗ ಗೊರಗೊರ, ಒಂಚೂರು ಮುಂದೆ ಹೋದ್ರೆ ಸರಿಹೋಗುತ್ತೆ. ಲೂಸ್ ಕನೆಕ್ಷನ್ನಾ?

ಅಲ್ಲ. ಅಲೆ ನೇರವಾಗಿಯೂ ಬರುತ್ತದೆ, ಕಟ್ಟಡಕ್ಕೆ, ಪಕ್ಕದ ಬಸ್ಸಿಗೆ ಬಡಿದೂ ಬರುತ್ತದೆ. ಎರಡೂ ಒಂದನ್ನೊಂದು ಅಳಿಸಿಹಾಕುವ ಜಾಗಗಳು ಹುಟ್ಟುತ್ತವೆ. ಎಫ್‌ಎಂನಲ್ಲಿ ಅಂಥ ಜಾಗದಿಂದ ಮುಕ್ಕಾಲು ಮೀಟರ್ ಸರಿದರೆ ಸಾಕು, ಸದ್ದು ತಿಳಿಯಾಗುತ್ತದೆ. ಎಲ್ಲ ಕಾರಿನಲ್ಲೂ ಆಗುವುದೇ. ಕಾರು ಅಲುಗಾಡಿದಾಗ, ಹಂಪ್ ಹಾರಿದಾಗ ಕೆಟ್ಟರೆ ಮಾತ್ರ ಲೂಸ್ ಕನೆಕ್ಷನ್ ಹುಡುಕಿ.

ಊರಲ್ಲಿ ಚೆನ್ನಾಗಿದೆ, ಮೈಸೂರು ಸಿಟಿಗೆ ಬಂದ್ರೆ ಒಂದರ ಮೇಲೊಂದು ಸ್ಟೇಷನ್ ಕೇಳುತ್ತೆ.

ಆಂಪ್ಲಿಫಯರ್ ಜಾಸ್ತಿಯಾಯಿತು. ಪ್ರಸಾರದ ಗೋಪುರ ಹತ್ತಿರವಿದ್ದಾಗ ಸಿಗ್ನಲ್ ತಾನೇ ಬಲವಾಗಿರುತ್ತದೆ. ಅದನ್ನು ಮತ್ತೆ ಹೆಚ್ಚಿಸಿದರೆ ಟ್ಯೂನರ್ ತಾಳದೆ ಸ್ಟೇಷನ್‌ಗಳನ್ನು ಕಲಸಿಬಿಡುತ್ತದೆ. ಒಂದರ ಹಿಂದೊಂದು ಎರಡು ಬೂಸ್ಟರ್ (ಅಂದರೆ ಆಂಪ್ಲಿಫಯರ್) ಹಾಕಿದವರಲ್ಲಿ ಇದು ಹೆಚ್ಚು. ಒಂದನ್ನು ತೆಗೆಯಿರಿ. ಸಿಟಿಯೊಳಗೇ ಓಡಾಡುವ ಕಾರಿಗೆ ಒಳ್ಳೆಯ ಕಡ್ಡಿ ಇದ್ದರೆ ಬೂಸ್ಟರ್ರೇ ಬೇಡ.

ಬೆಂಗಳೂರು ಕಡೆ ಹೋಗ್ತಾ ಹೋಗ್ತಾ 100.6 ಕೈಕೊಡುತ್ತೆ. ದೊಡ್ಡ ಆಂಟೆನಾ ಹಾಕ್ಸಿದ್ರೆ ಬೆಂಗ್ಳೂರ್ ತನಕ ಬರುತ್ತಾ?

ಬರುವುದಿಲ್ಲ. ಎಫ್‌ಎಂ ಅಲೆ ಹೆಚ್ಚುಕಮ್ಮಿ ಕಣ್ಣಿಗೆ ಕಾಣುವಷ್ಟು ದೂರ ಹೋಗುತ್ತದೆ, ನೆಲದ ಬಾಗು, ಗುಡ್ಡ ಅಡ್ಡ ಬಂದಲ್ಲಿ ಸೊರಗುತ್ತದೆ. ಆಂಟೆನಾ ಚೆನ್ನಾಗಿದ್ದರೆ ಇನ್ನಷ್ಟು ದೂರ ಸಿಗಬಹುದು, ಅಷ್ಟೇ. ದೂರದಲ್ಲಿ ಸದ್ದು ಬಂದಾಗ ಸೆಟ್ಟಿಂಗ್‌ನಲ್ಲಿ ಸ್ಟೀರಿಯೋ ಬದಲು ಮೋನೋ (ಎಲ್ಲ ಸ್ಪೀಕರಿಗೂ ಒಂದೇ ಸದ್ದು) ಮಾಡಿ ನೋಡಿ, ಸೊರಗುಟ್ಟುವುದು ಎದ್ದು ಕಾಣುವಷ್ಟು ಇಳಿಯುತ್ತದೆ. "ಲೋಕಲ್" ಅನ್ನುವ ಗುಂಡಿ ಆನ್ ಇದ್ದರೆ ಆಫ್ ಮಾಡಿ, ಇಲ್ಲದಿದ್ದರೆ ಹುಡುಕುವಾಗ ದುರ್ಬಲ ಸ್ಟೇಷನ್‌ಗಳನ್ನು ಸೆಟ್ಟು ಬಿಟ್ಟುಬಿಡುತ್ತದೆ. ಬೆಂಗಳೂರಿನ ವಿವಿಧ ಭಾರತಿ 102.9, ರೈನ್‌ಬೋ 101.3 ಎರಡನ್ನೂ 100.6ರ ಪಕ್ಕದ ಗುಂಡಿಗಳಲ್ಲಿ ಉಳಿಸಿಕೊಂಡರೆ ದಾರಿಯಲ್ಲಿ ತಡಕಾಡುವುದು ತಪ್ಪುತ್ತದೆ.

ಬೆಂಗಳೂರು ಆಕಾಶವಾಣಿ 612ರಲ್ಲಿ ಕೇಳ್ತಿದ್ವಿ. ಹೊಸ ಎಲೆಕ್ಟ್ರಿಕ್ ಕಾರಲ್ಲಿ ಎಎಂ ಇಲ್ವೇ ಇಲ್ಲ!

ಎಲೆಕ್ಟ್ರಿಕ್ ಕಾರಿನ ಮೋಟಾರ್‌ಗೆ ಕರೆಂಟ್ ಕೊಡುವ ಇನ್ವರ್ಟರ್ ಮೀಡಿಯಂ ವೇವ್‌ನಲ್ಲಿ ಭಾರಿ ಸದ್ದು ಹುಟ್ಟಿಸುತ್ತದೆ. ಅದಕ್ಕೇ ಕೆಲವು ಕಂಪನಿಗಳು ಎಎಂ ಅನ್ನೇ ಕೈಬಿಟ್ಟಿವೆ. ಪೆಟ್ರೋಲ್, ಡೀಸೆಲ್ ಕಾರಿನವರು ತಮ್ಮ ಸೆಟ್ಟಿನಲ್ಲಿ ಡಿಆರ್‌ಎಂ ಇದೆಯಾ ನೋಡಿಕೊಳ್ಳಿ. ಮೀಡಿಯಂ ವೇವ್‌ನಲ್ಲೇ ಬರುವ ಡಿಜಿಟಲ್ ರೇಡಿಯೋ ಅದು, ಮಾರುತಿ, ಹ್ಯುಂಡೈನ ಕೆಲವು ಮಾದರಿಗಳಲ್ಲಿ ಕಾರ್ಖಾನೆಯಿಂದಲೇ ಬಂದಿರುತ್ತದೆ. ಎಎಂಗೆ ಗಾಜಿನ ಫಿಲ್ಮ್ ಆಂಟೆನಾ ಪ್ರಯೋಜನವಿಲ್ಲ, ಹೊರಗಿನ ಕಡ್ಡಿಯೇ ಬೇಕು. ಎಲೆಕ್ಟ್ರಿಕ್ ಕಾರಿನವರಿಗೆ ನ್ಯೂಸ್ ಆನ್ ಏರ್ ಆ್ಯಪ್ ಇದೆ.

ಮಲ್ಟಿಮೀಟರ್ ಇದೆ. ಆಂಟೆನಾ ಸರಿ ಇದೆಯಾ ಅಂತ ನಾನೇ ಹೇಗೆ ನೋಡೋದು?

ಮಲ್ಟಿಮೀಟರನ್ನು ಬೀಪ್ ಬರುವ ಕಂಟಿನ್ಯುಟಿ ಸೆಟ್ಟಿಂಗ್‌ಗೆ ಇಟ್ಟು, ಸ್ಟೀರಿಯೋ ಹಿಂದಿನ ಆಂಟೆನಾ ಪಿನ್ ಕೀಳಿ. ಆಂಪ್ಲಿಫಯರ್ ಇಲ್ಲದ ಸಾದಾ ಕಡ್ಡಿ ಆಂಟೆನಾದಲ್ಲಿ ಪಿನ್ನಿನ ನಡುತುದಿಯಿಂದ ಕಡ್ಡಿ ಕೂರುವ ಬುಡದ ಸ್ಕ್ರೂವರೆಗೆ ಬೀಪ್ ಬರಬೇಕು. ನಡುತುದಿಯಿಂದ ಹೊರಗಿನ ಬಳೆಗೆ ಬೀಪ್ ಬರಬಾರದು, ಬಂದರೆ ಕೇಬಲ್ ಎಲ್ಲೋ ಜಜ್ಜಿ ಶಾರ್ಟ್ ಆಗಿದೆ. ಹೊರಗಿನ ಬಳೆಯಿಂದ ಕಾರಿನ ಬಾಡಿಗೆ ಬೀಪ್ ಬರಬೇಕು. ಬರದಿದ್ದರೆ ಛಾವಣಿಯಲ್ಲಿ ಆಂಟೆನಾದ ಬುಡ ಬಿಚ್ಚಿ ನೋಡಿ, ತಗಡಿಗೆ ಕಚ್ಚಿಕೊಳ್ಳುವ ಹಲ್ಲಿನ ವಾಷರ್ ತುಕ್ಕು ಹಿಡಿದಿರುತ್ತದೆ. ಉಜ್ಜುಕಾಗದದಿಂದ ತಿಕ್ಕಿ, ಸ್ವಲ್ಪ ಗ್ರೀಸ್ ಸವರಿ, ರಬ್ಬರ್ ಸರಿಯಾಗಿ ಕೂರಿಸಿ ಬಿಗಿಯಿರಿ. ಆಂಪ್ಲಿಫಯರ್ ಇರುವ ಆಂಟೆನಾಗೆ ಈ ಬೀಪ್ ಲೆಕ್ಕ ನಡೆಯುವುದಿಲ್ಲ. ಅದಕ್ಕೆ ರೇಡಿಯೋ ಆನ್ ಮಾಡಿ, ನೀಲಿ ವೈರಿನಲ್ಲಿ 12 ವೋಲ್ಟ್ ಇದೆಯಾ ಅಂತ ನೋಡಿ.